ಟ್ರ್ಯಾಕ್ಟರು ಹಳ್ಳ ದಾಟುವ ಬಗೆ



ಅಂದೋಲಾ ಸುತ್ತಿನ ಎರೆ ಹೊಲಗಳ ದಾರಿ ಬೇಸಿಗೆಯಲ್ಲಿ ಗಟ್ಟಿ, ಮಳೆ ಬಿದ್ದೊಡನೆ ಕೆಸರು. ನಡುವೆ ಹಳ್ಳ ಬಂದರೆ ದಾಟುವುದೋ ಬಿಡುವುದೋ ಎಂಬುದನ್ನು ದಂಡೆಯ ಮೇಲೆಯೇ ನಿಶ್ಚಯಿಸಬೇಕು. ನೀರಿಗಿಳಿದ ಮೇಲೆ ಅದಕ್ಕೆ ಸಮಯವಿರುವುದಿಲ್ಲ. ಹಿಂದೆ ಎತ್ತುಗಳು ಸೆಳವಿಗೆ ಅಂಜಿ ತಾವೇ ನಿಂತುಬಿಡುತ್ತಿದ್ದವು. ಟ್ರ್ಯಾಕ್ಟರಿಗೆ ಆ ಅರಿವಿಲ್ಲ.

ಮೊದಲು ಗಾಡಿ ನಿಲ್ಲಿಸಿ ಕೆಳಗಿಳಿಯಿರಿ. ನೀರು ತಿಳಿಯಾಗಿದ್ದು ನಿಧಾನವಾಗಿ ಹರಿಯುತ್ತಿದ್ದರೆ ಉದ್ದನೆಯ ಕೋಲಿನಿಂದ ತಳ ತಟ್ಟುತ್ತ ನಡೆದು ನೋಡಬಹುದು. ರಾಡಿಯಾಗಿ ಕಸಕಡ್ಡಿ ತೇಲಿಬರುತ್ತಿದ್ದರೆ ಕಾಲಿಡಲೇಬೇಡಿ. ಹರಿಯುವ ನೀರು ಮೊಣಕಾಲು ಮುಟ್ಟಿದರೆ ಕಾಯುವುದೇ ಲೇಸು. ಹರಿವಿನ ವೇಗ ಎರಡು ಪಟ್ಟಾದರೆ ಅದರ ನೂಕು ನಾಲ್ಕು ಪಟ್ಟಾಗುತ್ತದೆ.

ಟ್ರ್ಯಾಕ್ಟರು ಭಾರವಾದದ್ದು, ಅದಕ್ಕೇನಾದೀತು ಎಂದು ಹಲವರು ವಾದಿಸುವರು. ಹಿಂದಿನ ಟ್ರಾಲಿಯ ಗತಿ? ಅದು ತಗಡಿನ ಪೆಟ್ಟಿಗೆ. ಒಂದು ಘನ ಮೀಟರ್ ನೀರನ್ನು ಸರಿಸಿದ ಪೆಟ್ಟಿಗೆಯನ್ನು ನೀರು 1000 ಕಿಲೋ ಭಾರದಷ್ಟು ಬಲದಿಂದ ಮೇಲೆತ್ತುತ್ತದೆ. ಟ್ರಾಲಿ ಅಡ್ಡ ತಿರುಗಿದರೆ ಟ್ರ್ಯಾಕ್ಟರನ್ನೂ ಎಳೆದುಕೊಳ್ಳುತ್ತದೆ. ಟ್ರಾಲಿಯಲ್ಲಿ ಜನರನ್ನು ಕೂಡಿಸುವುದೇ ಕಾನೂನಿಗೆ ಸಲ್ಲದು, ಆದರೂ ಕೂಡಿಸುತ್ತೇವೆ. ಹತ್ತಿ ಬಿಡಿಸಿ ಮರಳುವ ಹೆಣ್ಣುಮಕ್ಕಳು ಹೊತ್ತಾಯಿತೆಂದು ಅವಸರ ಮಾಡಿದರೂ ಅವರನ್ನು ಕೂಡಿಸಿಕೊಂಡು ನೀರಿಗಿಳಿಯಬೇಡಿ.

ದಾಟಲು ಅಡ್ಡಿಯಿಲ್ಲವೆಂದು ಕಂಡರೆ ಎರಡೂ ಬ್ರೇಕ್ ಪೆಡಲುಗಳನ್ನು ಕೊಂಡಿ ಹಾಕಿ ಜೋಡಿಸಿರಿ. ದಂಡೆಯಲ್ಲಿಯೇ ಕೆಳಗಿನ ಗೇರು ಹಾಕಿ ಒಂದೇ ಸಮನೆ ಸಾಗಿರಿ. ನಡುನೀರಿನಲ್ಲಿ ಗೇರು ಬದಲಿಸಬಾರದು, ಕ್ಲಚ್ ಒತ್ತಬಾರದು. ಜೋರಾಗಿ ನುಗ್ಗಿದರೆ ಫ್ಯಾನು ಎಂಜಿನ್ನಿಗೆ ನೀರೆರಚುತ್ತದೆ. ಎದುರು ದಂಡೆಯನ್ನೂ ಮೊದಲೇ ನೋಡಿಕೊಂಡಿರಬೇಕು. ತೊಯ್ದ ಎರೆಮಣ್ಣು ಟಯರಿನ ಹಲ್ಲುಗಳಲ್ಲಿ ತುಂಬಿ ಹಿಡಿತ ತಪ್ಪುತ್ತದೆ. ತುಂಬಿದ ಟ್ರಾಲಿ ಹಿಂದಕ್ಕೆ ಜಗ್ಗಿದರೆ ಮುಂದಿನ ಗಾಲಿಗಳು ಮೇಲೇಳುತ್ತವೆ. ದಾಟಿದ ತರುವಾಯ ಬ್ರೇಕು ಹಿಡಿಯುವುದೋ ಪರೀಕ್ಷಿಸಿರಿ. ಎಂಜಿನ್ ಎಣ್ಣೆ ಹಾಲಿನಂತೆ ಬೆಳ್ಳಗಾಗಿದ್ದರೆ ನೀರು ಸೇರಿದೆಯೆಂದು ತಿಳಿದು, ಎಂಜಿನ್ ನಡೆಸದೆ ಮೆಕ್ಯಾನಿಕನನ್ನು ಕರೆಸಿರಿ.

ನಮ್ಮಲ್ಲಿ ಮಳೆಯಿಲ್ಲವೆಂದು ಮೈಮರೆಯುವಂತಿಲ್ಲ. ಮಹಾರಾಷ್ಟ್ರದ ಉಜನಿ ಜಲಾಶಯದಿಂದ ಹೆಚ್ಚು ನೀರು ಬಿಟ್ಟರೆ ಇಲ್ಲಿ ಭೀಮಾ ಏರುತ್ತದೆ. ನದಿ ಸೇರುವ ಹಳ್ಳಗಳ ಬಾಯಲ್ಲಿ ನೀರು ಹಿಂದಕ್ಕೆ ಒತ್ತುತ್ತದೆ. 2020ರ ಅಕ್ಟೋಬರದಲ್ಲಿ ಭೀಮಾ ಪ್ರವಾಹ ಅಫಜಲಪುರ, ಜೇವರ್ಗಿ ತಾಲೂಕುಗಳ ಊರು ಹೊಲಗಳಿಗೆ ನುಗ್ಗಿದ್ದನ್ನು ಎಲ್ಲರೂ ಬಲ್ಲರು. ಬೆಳಿಗ್ಗೆ ದಾಟಿದ ಹಳ್ಳವನ್ನು ಸಂಜೆ ಪುನಃ ಅಳೆಯಬೇಕು. ದಾಟುವ ಕಡೆ ಅಡಿ ಅಡಿಗೆ ಬಣ್ಣ ಬಳಿದ ಗಟ್ಟಿ ಗೂಟವೊಂದನ್ನು ಊರವರು ಕೂಡಿ ನೆಟ್ಟರೆ, ಕತ್ತಲಲ್ಲಿಯೂ ದೀಪದ ಬೆಳಕಿಗೆ ನೀರಿನ ಮಟ್ಟ ತಿಳಿಯುತ್ತದೆ.