ಭುಜದ ನೋವೂ ಆಘಾತ ತರಂಗದ ಚಿಕಿತ್ಸೆಯೂ

ಮರವೇರುವವರು ದೊರೆಯದಾದ ಮೇಲೆ ನಮ್ಮ ಬೆಳ್ತಂಗಡಿ ತಾಲೂಕಿನ ಅಡಿಕೆ ತೋಟಗಳಲ್ಲಿ ಕೊಯ್ಲೂ ಬೋರ್ಡೋ ಸಿಂಪಡಣೆಯೂ ಕಾರ್ಬನ್ ಫೈಬರ್ ದೋಟಿಯ ಪಾಲಿಗೆ ಬಂದುವು. ದೋಟಿ ಹಗುರವೆಂಬುದು ನಿಜವಾದರೂ, ದಿನವಿಡೀ ಅದನ್ನು ತಲೆಯ ಮೇಲಕ್ಕೆತ್ತಿ ಹಿಡಿಯುವ ಭುಜಕ್ಕೆ ಆ ಹಗುರವು ಸಂಜೆಯವರೆಗೆ ಉಳಿಯುವುದಿಲ್ಲ. ವೇಣೂರಿನ ನಮ್ಮ ತೋಟದಲ್ಲಿ ನನ್ನ ಬಲಭುಜಕ್ಕೆ ನೋವು ತಗುಲಿದ್ದು ಹೀಗೆ.

ಮೊದಲು ಎಕ್ಸ್‌ರೇ ತೆಗೆಸಬೇಕೆಂದು ಹೊರಟ ನನ್ನನ್ನು ತಡೆದವರು ಬಂಟ್ವಾಳದಲ್ಲಿರುವ ಭಾವನವರು, ನನ್ನ ಪತ್ನಿಯ ಅಣ್ಣ. “ಎಕ್ಸ್‌ರೇ ಎಲ್ಲ ಎಂತಕ್ಕೆ ಭಾವ? ನನ್ನ ಹಿಮ್ಮಡಿ ನೋವು ಆ ಮೆಷಿನ್‌ನಲ್ಲೇ ಹೋದದ್ದಲ್ವಾ?” ಎಂದು, ತಮಗೆ ಗುಣವಾದ ಆಘಾತ ತರಂಗ ಚಿಕಿತ್ಸೆಯ ಕೇಂದ್ರಕ್ಕೆ ತಾವೇ ಕರೆದೊಯ್ದರು. ಅವರ ವಾತ್ಸಲ್ಯದಲ್ಲಿ ನನಗೆ ಸಂದೇಹವಿಲ್ಲ. ಆದರೆ ಹಿಮ್ಮಡಿಗೆ ಒಗ್ಗಿದ್ದು ಭುಜಕ್ಕೂ ಒಗ್ಗಲೇಬೇಕೆಂಬ ಅವರ ಹಠಕ್ಕೆ ಬೆಲೆ ತೆತ್ತವನು ನಾನು.

ಆ ಕೇಂದ್ರದವರು ಎಲ್ಲ ಸರದಿಗಳ ಹಣವನ್ನೂ ಮುಂಗಡವಾಗಿ ಪಡೆದರೇ ಹೊರತು ತೋಳನ್ನೆತ್ತಿಸಿ ನೋಡಲಿಲ್ಲ, ಯಾವ ಮಾತ್ರೆ ಸೇವಿಸುತ್ತೀರೆಂದು ಕೇಳಲಿಲ್ಲ. ಭುಜಕ್ಕೆ ತಣ್ಣನೆಯ ಲೇಪವನ್ನು ಸವರಿ, ಪಿಸ್ತೂಲಿನಾಕಾರದ ಹಿಡಿಯನ್ನು ನೇರವಾಗಿ ಎಲುಬಿನ ತುದಿಗೇ ಒತ್ತಿ ಯಂತ್ರವನ್ನು ಚಾಲೂ ಮಾಡಿದೊಡನೆ, ಟಕಟಕನೆ ಬೀಳುತ್ತಿದ್ದ ಒಂದೊಂದು ಹೊಡೆತವೂ ಭುಜದಿಂದ ಕುತ್ತಿಗೆಗೂ ಅಲ್ಲಿಂದ ದವಡೆಗೂ ಹಾಯ್ದು, ಕಣ್ಣಲ್ಲಿ ನೀರು ತುಂಬಿತು. ಸಾಕೆಂದು ಬೇಡಿದೆ. “ನೋವಾದಷ್ಟೂ ಬೇಗ ಗುಣ ಆಗ್ತದೆ, ಸ್ವಲ್ಪ ತಡ್ಕೊಳ್ಳಿ” ಎಂದ ಆ ಯುವಕನು ಒತ್ತಡವನ್ನು ಇನ್ನೊಂದು ಹಂತಕ್ಕೆ ಏರಿಸಿದನು. ಅಂದಿನ ರಾತ್ರಿ ಬಲಕ್ಕೆ ಹೊರಳಲಾರದೆ, ಎಡಕ್ಕೆ ಮಲಗಿದರೆ ಬಲತೋಳಿನ ಭಾರವನ್ನೇ ತಾಳಲಾರದೆ, ಚಾವಡಿಯ ಕಂಬಕ್ಕೊರಗಿ ಕುಳಿತು ಬೆಳಗುಮಾಡಿದೆ. ಗಂಜಿಯ ಬಟ್ಟಲನ್ನು ಪತ್ನಿಯೇ ಬಾಯಿಗೆ ಹಿಡಿಯಬೇಕಾಯಿತು; ಐವತ್ತು ದಾಟಿದ, ದುಡಿದುಂಡ ಮನುಷ್ಯನಿಗೆ ಅದು ಭುಜದ ನೋವಿಗಿಂತ ಹಿರಿದಾದ ನೋವು.

ಕೊನೆಗೆ ಮೂಡಬಿದಿರೆಯ ಎಲುಬಿನ ವೈದ್ಯರೊಬ್ಬರು ಎಕ್ಸ್‌ರೇಯಲ್ಲಿ ತೋರಿಸಿದ್ದು, ಭುಜದ ಮೇಲಿನ ಸ್ನಾಯುರಜ್ಜುವಿನಲ್ಲಿ ಬೆಳ್ಳಗೆ ಸಂಚಯಗೊಂಡ ಸುಣ್ಣದ ಅಂಶವನ್ನು. ಅದು ದೋಟಿಯಿಂದಲೇ ಬಂದದ್ದೆನ್ನಲಾಗದು, ದೋಟಿ ಎತ್ತಿದಾಗ ಪ್ರಕಟವಾಯಿತು ಅಷ್ಟೆ ಎಂದರು. ಆಘಾತ ತರಂಗವನ್ನು ಅವರು ತಿರಸ್ಕರಿಸಲಿಲ್ಲವೆಂಬುದನ್ನು ಇಲ್ಲಿ ಒತ್ತಿ ಹೇಳಬೇಕು. 1980ರಲ್ಲಿ ಜರ್ಮನಿಯ ಮ್ಯೂನಿಕ್ ನಗರದಲ್ಲಿ ಮೂತ್ರಪಿಂಡದ ಕಲ್ಲನ್ನು ಶಸ್ತ್ರವಿಲ್ಲದೆ ಒಡೆಯಲು ಮೊದಲ್ಗೊಂಡ ಈ ವಿದ್ಯೆ ಕ್ರಮೇಣ ಎಲುಬು, ಸ್ನಾಯುರಜ್ಜುಗಳ ಕಡೆಗೂ ತಿರುಗಿ, ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯಿಂದ 2000ದಲ್ಲಿ ಹಿಮ್ಮಡಿ ನೋವಿಗೂ ಅನಂತರ ಮೊಣಕೈ ನೋವಿಗೂ ಅನುಮತಿ ಪಡೆಯಿತು. ಯಂತ್ರದಲ್ಲಿ ಎರಡು ಬಗೆ: ಗಾಳಿಯ ಒತ್ತಡದಿಂದ ಹೊಡೆದು ಮೇಲ್ಪದರದಲ್ಲೇ ಹರಡುವುದೊಂದು, ಆಳದ ಒಂದು ಬಿಂದುವಿನಲ್ಲಿ ಶಕ್ತಿಯನ್ನು ಕೇಂದ್ರೀಕರಿಸುವುದಿನ್ನೊಂದು. ನನ್ನ ಸುಣ್ಣದ ಗಂಟಿಗೆ ಎರಡನೆಯದೇ ಬೇಕಾಗಿತ್ತು. ಊತ ಇಳಿಯುವವರೆಗೆ ಕಾದು, ವಾರಕ್ಕೊಂದು ಸರದಿಯಂತೆ, ಕಡಿಮೆ ಶಕ್ತಿಯಿಂದ ಆರಂಭಿಸಿ, ತಾಳಬಲ್ಲಿರಾ ಎಂದು ಕೇಳಿ ಕೇಳಿ ಏರಿಸಿದರು. ಜೊತೆಗೆ ನಿತ್ಯದ ವ್ಯಾಯಾಮ. ಗುಣವು ದಿನಗಳಲ್ಲಿ ಅಲ್ಲ, ತಿಂಗಳುಗಳಲ್ಲಿ ಬಂತು.

ಆದುದರಿಂದ, ರೋಗನಿರ್ಣಯವಾಗದೆ ಯಂತ್ರದ ಮುಂದೆ ಕುಳಿತುಕೊಳ್ಳಬೇಡಿ. ಯಂತ್ರ ಯಾವ ಬಗೆಯದೆಂದು ಕೇಳಿ. ಗರ್ಭಿಣಿಯರಿಗೂ, ಗಡ್ಡೆಯಿರುವ ಭಾಗಕ್ಕೂ ಇದು ಸಲ್ಲದು. ರಕ್ತ ಹೆಪ್ಪುಗಟ್ಟದಂತೆ ಮಾತ್ರೆ ಸೇವಿಸುವವರು ತಮ್ಮ ವೈದ್ಯರನ್ನು ಕೇಳದೆ ಮುಂದುವರಿಯಲೇಬಾರದು. ಭಾವನವರು ಈಗ ನಮ್ಮ ಅತ್ತೆಯವರ ಮೊಣಕಾಲಿಗೂ ಅದೇ ಕೇಂದ್ರವನ್ನು ಗೊತ್ತುಮಾಡಿರುವರೆಂದು ಮೊನ್ನೆ ತಿಳಿಯಿತು. ಅತ್ತೆಯವರು ಹೃದಯದ ಶಸ್ತ್ರಚಿಕಿತ್ಸೆಯಾದಂದಿನಿಂದ ಅಂಥ ಮಾತ್ರೆಯನ್ನೇ ಸೇವಿಸುತ್ತಿರುವವರು. ಫೋನಿನಲ್ಲಿ ಹೇಳಿದ್ದನ್ನು ಭಾವನವರು ಕಿವಿಗೆ ಹಾಕಿಕೊಳ್ಳಲಿಲ್ಲ. ಅಚ್ಚಾದುದನ್ನಾದರೂ ಓದಿಯಾರೆಂದು ಇದನ್ನು ಬರೆದಿದ್ದೇನೆ.