ಪೆಡಲ್ ದೋಣಿ: ಪಂದ್ಯಕ್ಕೆ ಇಳಿಸುವ ಮುನ್ನ
ಪಂದ್ಯದ ಪೆಡಲ್ ದೋಣಿಯಲ್ಲಿ ಮೊದಲು ಗಮನಿಸಬೇಕಾದದ್ದು ಒಡಲು. ಅಭ್ಯಾಸವಿರುವವರೂ ಬಹಳ ಹೊತ್ತು ಕೊಡಬಲ್ಲ ಶಕ್ತಿ ಸುಮಾರು 200–250 ವಾಟ್. ಅಗಲವಾದ ಒಡಲು ಅದರ ಬಹುಪಾಲನ್ನು ಅಲೆ ಎಬ್ಬಿಸುವುದರಲ್ಲೇ ಕಳೆಯುತ್ತದೆ. ಆದ್ದರಿಂದ ಒಡಲು ಉದ್ದವಾಗಿ, ಕಿರಿದಾಗಿರಬೇಕು. ಮಗುಚದಂತೆ ಪಕ್ಕಕ್ಕೆ ಸಣ್ಣ ತೇಲುಗಳನ್ನು ಕಟ್ಟಬಹುದು. ಮೋಟಾರು ದೋಣಿಯ ಗಿಡ್ಡ ಪ್ರೊಪೆಲ್ಲರ್ ಬೇಡ. ದೊಡ್ಡ ವ್ಯಾಸದ, ಸಪೂರ ಅಲಗುಗಳ ಪ್ರೊಪೆಲ್ಲರ್ ಮನುಷ್ಯನ ಬಲಕ್ಕೆ ಚೆನ್ನಾಗಿ ಒಗ್ಗುತ್ತದೆ.

ತಿದ್ದುವಾಗ ಒಮ್ಮೆಗೆ ಒಂದೇ ಬದಲಾವಣೆ ಮಾಡಬೇಕು. ಗಾಳಿ, ಸೆಳೆತಗಳು ಲೆಕ್ಕ ತಪ್ಪಿಸದಂತೆ ಅದೇ ದೂರವನ್ನು ಎರಡೂ ದಿಕ್ಕಿನಲ್ಲಿ ಓಡಿಸಿ ಸರಾಸರಿ ನೋಡುವುದು ಒಳ್ಳೆಯದು. ದೋಣಿಯನ್ನು ನೀರಿನಿಂದ ಮೇಲೆತ್ತುವ ನೀರೊಳಗಿನ ರೆಕ್ಕೆಯ, ಅಂದರೆ ಹೈಡ್ರೋಫಾಯಿಲ್‌ನ, ಆಸೆ ಆಮೇಲಿನದು. 1991ರಲ್ಲಿ ಅಮೆರಿಕದ ಎಂಐಟಿಯ ಪೆಡಲ್ ದೋಣಿ ‘ಡೆಕಾವಿಟೇಟರ್’ ಅದರ ಬಲದಿಂದ 18.5 ನಾಟ್ ವೇಗ ಮುಟ್ಟಿತು, ನಿಜ. ಆದರೆ ಅದನ್ನು ಕಟ್ಟಿದವರು ವಿಮಾನದ ರೆಕ್ಕೆಯ ಲೆಕ್ಕ ಬಲ್ಲವರು. ಲೈಫ್ ಜಾಕೆಟ್ ಮಾತ್ರ ಮೊದಲ ದಿನದಿಂದಲೇ ಬೇಕು.