ನೌಕರಿಯ ಅರ್ಜಿಗೆ ಫೋಟೋ: ಯಾವಾಗ ಬೇಕು, ಯಾವಾಗ ಬೇಡ?



ಪರೀಕ್ಷೆಯ ಫಲಿತಾಂಶ ಬಂದಿತೆಂದರೆ ನಮ್ಮ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಯ ಹುಡುಗ ಹುಡುಗಿಯರು ಬಿಡದಿ, ಹಾರೋಹಳ್ಳಿಯ ಕಾರ್ಖಾನೆಗಳಿಗೂ ಬೆಂಗಳೂರಿನ ಕಚೇರಿಗಳಿಗೂ ಅರ್ಜಿ ಹಾಕಲು ಹೊರಡುತ್ತಾರೆ. ಅರ್ಜಿಯೊಂದಿಗೆ ಬಯೋಡಾಟಾ ಬೇಕು. ಸೈಬರ್ ಅಂಗಡಿಯಲ್ಲಿ ಅದನ್ನು ಬರೆಸಲು ಕುಳಿತರೆ ಅಂಗಡಿಯವರು ಮೊದಲು ಕೇಳುವುದೇ, "ಫೋಟೋ ತಂದಿದ್ದೀರಾ?" ಎಂದು. ಫೋಟೋ ಇಲ್ಲದ ಬಯೋಡಾಟಾ ಇರುವುದುಂಟೇ ಎಂದು ನಾವೂ ಭಾವಿಸಿದ್ದೇವೆ. ನನಗೆ ತೋರುವಂತೆ ಈ ಭಾವನೆ ಮದುವೆಯ ಬಯೋಡಾಟಾದಿಂದ ಬಂದದ್ದು. ಜಾತಿ, ನಕ್ಷತ್ರ, ಎತ್ತರ, ಮೈಬಣ್ಣ, ಮೇಲೊಂದು ಫೋಟೋ. ಸಂಬಂಧ ಬೆಳೆಸುವವರಿಗೆ ಇದೆಲ್ಲ ಬೇಕಾದೀತು. ಆದರೆ ಫಿಟ್ಟರ್ ಕೆಲಸಕ್ಕೆ ಹೋಗುವ ಹುಡುಗನ ಮೈಬಣ್ಣದಿಂದ ಕಾರ್ಖಾನೆಗೆ ಆಗಬೇಕಾದದ್ದೇನು?

ಫೋಟೋ ಮಾಡುವ ಕೆಲಸ ಎರಡು ಬಗೆಯದು. ಒಂದು, ಗುರುತು ಹಿಡಿಯುವುದು. ಮತದಾರರ ಚೀಟಿಯಲ್ಲಿರುವ ಫೋಟೋ ನೀವು ಒಳ್ಳೆಯವರೆಂದು ಹೇಳುವುದಿಲ್ಲ. ಇವರು ಅವರೇ ಎಂದಷ್ಟೇ ಹೇಳುತ್ತದೆ. ಎರಡನೆಯದು, ನೋಡಿ ಆರಿಸುವುದು. ಮೊದಲನೆಯದಕ್ಕೆ ಫೋಟೋ ಕೊಡಲೇಬೇಕು. ಎರಡನೆಯದಕ್ಕೆ ನಾವಾಗಿ ಕೊಡಬಾರದು.

ಸರ್ಕಾರಿ ಮತ್ತು ಬ್ಯಾಂಕ್ ನೌಕರಿಗಳ ಅರ್ಜಿಯಲ್ಲಿ ಫೋಟೋ ಗುರುತಿಗಾಗಿ ಇರುತ್ತದೆ. ಒಬ್ಬರ ಬದಲು ಇನ್ನೊಬ್ಬರು ಪರೀಕ್ಷೆ ಬರೆಯಬಾರದೆಂಬುದು ಉದ್ದೇಶ. ಇಲ್ಲಿ ಉದಾಸೀನ ಮಾಡಿದರೆ ಅರ್ಜಿಯೇ ತಿರಸ್ಕೃತವಾಗುವುದುಂಟು. ಬ್ಯಾಂಕ್ ನೇಮಕಾತಿಯ ಐಬಿಪಿಎಸ್ ಅರ್ಜಿಗೆ ಫೋಟೋ 20ರಿಂದ 50 ಕೆ.ಬಿ., ಸಹಿ 10ರಿಂದ 20 ಕೆ.ಬಿ. ಒಳಗೆ ಇರಬೇಕೆಂದು ನಿಯಮ. ಕೇಂದ್ರದ ಎಸ್‌ಎಸ್‌ಸಿ 2024ರಲ್ಲಿ ಇನ್ನೂ ಮುಂದೆ ಹೋಗಿ, ಅರ್ಜಿ ತುಂಬುವಾಗಲೇ ಕ್ಯಾಮೆರಾದ ಮುಂದೆ ಕುಳಿತು ಫೋಟೋ ತೆಗೆಸಿಕೊಳ್ಳುವ ಪದ್ಧತಿಯನ್ನು ತಂದಿತು. ಟೋಪಿ, ಕನ್ನಡಕ ಕೂಡದು. ಒಂದೊಂದು ಇಲಾಖೆಯ ಅಳತೆ ಒಂದೊಂದು ಬಗೆ. ಆದುದರಿಂದ ಪ್ರತಿ ಸಲವೂ ಪ್ರಕಟಣೆಯನ್ನು ಓದಿಸಿ ನೋಡಿ. ಅಂಗಡಿಯವರ ನೆನಪನ್ನು ನಂಬಬೇಡಿ.

ಸ್ಟುಡಿಯೋದವರು ಮುಖವನ್ನು ಬೆಳ್ಳಗೆ ಮಾಡಿಕೊಡುವ ವಿಷಯದಲ್ಲಿ ನನಗೇ ಆದ ಪಾಠವೊಂದುಂಟು. ಡಿಪ್ಲೊಮಾ ಮುಗಿಸಿ ನಾನು ಮೊದಲ ಅರ್ಜಿ ಹಾಕಿದಾಗ ಕೊಟ್ಟ ಫೋಟೋದಲ್ಲಿ ನನಗಿಂತ ಎರಡು ಪಟ್ಟು ಬಿಳುಪಾದ ಯಾರೋ ಇದ್ದರು. ಮನೆಯಲ್ಲಿ ಎಲ್ಲರಿಗೂ ಸಂತೋಷವಾಯಿತು. ಪರೀಕ್ಷೆಯ ಕೋಣೆಯಲ್ಲಿ ಮಾತ್ರ ಮೇಲ್ವಿಚಾರಕರು ಫೋಟೋವನ್ನೂ ನನ್ನನ್ನೂ ಮೂರು ಬಾರಿ ನೋಡಿ, ಇನ್ನೊಬ್ಬರನ್ನು ಕರೆದು ತೋರಿಸಿ, ಮತ್ತೆ ಸಹಿ ಹಾಕಿಸಿಕೊಂಡರು. ಹತ್ತು ನಿಮಿಷ ಹೋಯಿತು, ಕೈ ನಡುಗಿದ್ದು ಬೇರೆ. ಹೊಲದಲ್ಲಿ ಬಿಸಿಲುಂಡ ಮುಖ ಹೇಗಿದೆಯೋ ಹಾಗೆಯೇ ಬರಲಿ.

ಇನ್ನು ಖಾಸಗಿ ಕೆಲಸದ ಬಯೋಡಾಟಾ. ಪ್ರಕಟಣೆಯಲ್ಲಿ ಕೇಳಿದ್ದರೆ ಮೇಲಿನ ಮೂಲೆಯಲ್ಲಿ ಚಿಕ್ಕದಾಗಿ ಒಂದು ಹಾಕಿ. ಕೇಳದಿದ್ದರೆ ಹಾಕಬೇಡಿ. "ಫೋಟೋ ಇಲ್ಲದಿದ್ದರೆ ಏನೋ ಮುಚ್ಚಿಟ್ಟಂತೆ ಕಾಣುವುದಿಲ್ಲವೇ?" ಎಂದು ಹಿರಿಯರು ಕೇಳುತ್ತಾರೆ. ರಾಮನಗರದ ಗೂಡಿನ ಮಾರುಕಟ್ಟೆಯನ್ನೇ ನೆನೆಸಿಕೊಳ್ಳಿ. ರೀಲರು ಗೂಡನ್ನು ಕೈಗೆತ್ತಿಕೊಂಡು, ಒತ್ತಿ, ಕಿವಿಯ ಬಳಿ ಅಲ್ಲಾಡಿಸಿ ಬೆಲೆ ಕಟ್ಟುತ್ತಾನೆ. ಬೆಳೆದವನ ಮುಖ ನೋಡಿ ಬೆಲೆ ಕಟ್ಟಿದರೆ ನೀವು ಸುಮ್ಮನಿರುವಿರಾ? ಮಗನ ಐ.ಟಿ.ಐ. ಸರ್ಟಿಫಿಕೇಟು, ಅವನು ನಡೆಸಬಲ್ಲ ಯಂತ್ರ, ಮಗಳಿಗೆ ಬರುವ ಲೆಕ್ಕಪತ್ರ, ಇವೇ ಅಲ್ಲಿನ ಗೂಡು. ಕೆಲಸ ಸಿಕ್ಕ ಮೇಲೆ ಗುರುತಿನ ಚೀಟಿಗೆ ಫೋಟೋ ಕೇಳಿದರೆ ಧಾರಾಳವಾಗಿ ಕೊಡಿ.

ಮುಖ ನೋಡಿ ಆರಿಸುವುದರಿಂದ ಏನಾಗುತ್ತದೆಂಬುದಕ್ಕೆ ಅಮೆರಿಕದ ಇತಿಹಾಸವೇ ಸಾಕ್ಷಿ. ಅಲ್ಲಿನ ಕೇಂದ್ರ ಸರ್ಕಾರ 1914ರಲ್ಲಿ ನೌಕರಿಯ ಅರ್ಜಿಗೆ ಫೋಟೋ ಕಡ್ಡಾಯ ಮಾಡಿತು. ಪರೀಕ್ಷೆಯಲ್ಲಿ ತೇರ್ಗಡೆಯಾದ ಕಪ್ಪು ಜನರನ್ನು ಫೋಟೋ ನೋಡಿಯೇ ಬದಿಗೆ ಸರಿಸಲು ಅದು ದಾರಿಯಾಯಿತು. 1940ರಲ್ಲಿ ಅದನ್ನು ನಿಲ್ಲಿಸಿ, ಗುರುತಿಗೆ ಬೆರಳಚ್ಚನ್ನು ತಂದರು. ನಮ್ಮ ಸಂವಿಧಾನದ 16ನೆಯ ವಿಧಿ ಸರ್ಕಾರಿ ನೌಕರಿಯಲ್ಲಿ ಜಾತಿ, ಮತ, ಲಿಂಗಗಳ ಆಧಾರದಿಂದ ಭೇದ ಮಾಡಕೂಡದೆನ್ನುತ್ತದೆ. ಖಾಸಗಿಯವರ ಮೇಜಿಗೆ ಆ ವಿಧಿ ತಲುಪದು. ಕೇಳದೆ ಇರುವಾಗ ಫೋಟೋ, ಜಾತಿ, ಮತ ಇವನ್ನು ಬಯೋಡಾಟಾದಲ್ಲಿ ಬಿಡುವುದು ನಮ್ಮ ಕೈಯಲ್ಲೇ ಇದೆ.

ಫೋಟೋ ತೆಗೆಸುವುದಕ್ಕೆ ಹೆಚ್ಚು ಖರ್ಚು ಬೇಕಿಲ್ಲ. ಸುಣ್ಣ ಬಳಿದ ಗೋಡೆಯ ಮುಂದೆ, ಬಾಗಿಲ ಬೆಳಕು ಮುಖಕ್ಕೆ ಬೀಳುವಂತೆ, ಬೆಳಗಿನ ಹೊತ್ತು ಮೊಬೈಲಿನಲ್ಲಿ ತೆಗೆದರೂ ಸಾಕು. ಕಿವಿ, ಹಣೆ ಕಾಣಬೇಕು. ಮೊಬೈಲಿನಲ್ಲಿ ಮುಖ ನುಣುಪು ಮಾಡುವ ಏರ್ಪಾಡನ್ನು ಆರಿಸಿಬಿಡಿ. ಕಾಗದದ ಅರ್ಜಿಯಾದರೆ ಗೋಂದಿನಿಂದ ಅಂಟಿಸಿ. ಮುಖದ ಮೇಲೆ ಪಿನ್ನು ಹೊಡೆಯಬೇಡಿ.

ಹೆಣ್ಣುಮಕ್ಕಳ ತಂದೆತಾಯಿಗಳಿಗೆ ಒಂದು ಮಾತು. ಕಚೇರಿ ಕೆಲಸಕ್ಕೆಂದು ಹೇಳಿ ನಿಂತ ಭಂಗಿಯ ಪೂರ್ಣ ಫೋಟೋವನ್ನು ವಾಟ್ಸಾಪಿನಲ್ಲಿ ಕಳುಹಿಸಿರೆನ್ನುವವರು ಇದ್ದಾರೆ. ಕಂಪನಿಯ ಹೆಸರು, ವಿಳಾಸ ವಿಚಾರಿಸದೆ ಕಳುಹಿಸಬೇಡಿ. ಆಧಾರ್ ಪ್ರತಿಯನ್ನೂ ಖಾಲಿ ಹಾಳೆಯ ಮೇಲೆ ಸಹಿಯನ್ನೂ ಕೇಳಿದರಂತೂ ಅಲ್ಲಿಗೇ ಬಿಟ್ಟುಬಿಡಿ.

ಸರ್ಕಾರಿ ಅರ್ಜಿಗೆ ಹಾಕಿದ ಫೋಟೋದ ಏಳೆಂಟು ಪ್ರತಿಗಳನ್ನು ಒಂದು ಲಕೋಟೆಯಲ್ಲಿಟ್ಟು, ಮೇಲೆ ತೆಗೆಸಿದ ತಾರೀಖು ಬರೆದಿಡಿ. ಪ್ರವೇಶ ಪತ್ರಕ್ಕೂ ಸಂದರ್ಶನದ ದಿನಕ್ಕೂ ಅದೇ ಫೋಟೋವನ್ನು ಕೇಳುತ್ತಾರೆ.